ಜೋಡಿಸದೆ ಬಿಟ್ಟ ಪದಗಳು

ಡಚ್ಚರು ಬೇರೆ ವಿಷಯಗಳಲ್ಲಿ ಎಷ್ಟು ಧಾರಾಳಿಗಳೋ ಗೊತ್ತಿಲ್ಲ, ಪದಗಳ ನಡುವೆ ಜಾಗ ಬಿಡುವುದರಲ್ಲಿ ಮಾತ್ರ ಮಹಾ ಜಿಪುಣರು. ಮೂರು ಪದ ಒಟ್ಟಿಗೆ ಬಂದರೆ ಸಾಕು, ಅಂಟಿಸಿ ಒಂದು ಮಾಡಿಬಿಡುತ್ತಾರೆ. ಡಾಕ್ಟರ ದವಾಖಾನೆ ಒಂದು ಪದ. ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ ಒಂದು ಪದ. ದುಡಿಯಲಾಗದಂತೆ ಕೈಕಾಲು ಬಿದ್ದುಹೋದರೆ ಸಿಗುವ ವಿಮೆ, ಅದೂ ಒಂದೇ ಪದ. ಅದರಲ್ಲಿ ಹತ್ತು ತುಂಡುಗಳಿವೆ, ಹೇಳಿ ಮುಗಿಸುವಷ್ಟರಲ್ಲಿ ಗಟ್ಟಿಮುಟ್ಟಾದವನಿಗೂ ಆ ವಿಮೆ ಬೇಕಾಗಬಹುದು. ಹೀಗೆಂದು ಶಾಲಿನಿ ತನ್ನ ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುತ್ತಿದ್ದಳು, ಅವರು ನಗುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಮಾತು, ಅದೇ ನಗು. ಈಚೆಗೆ ಅದನ್ನು ಹೇಳುವಾಗ ಅವಳಿಗೆ ಆಕಳಿಕೆ ಬರುತ್ತಿತ್ತು.

ಅರಸೀಕೆರೆಯ ಶಾಲಿನಿ ಪುಣೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಮಧ್ಯಾಹ್ನ ಹನ್ನೆರಡೂವರೆಯಿಂದ ರಾತ್ರಿ ಒಂಬತ್ತರವರೆಗೆ ಒಂದು ಕಂಪನಿಯಲ್ಲಿ ಕೂತು, ಹಾಲೆಂಡಿನ ಜನ ತಮ್ಮ ವಾಷಿಂಗ್ ಮಷೀನು ಕೆಟ್ಟಾಗ ಮಾಡುವ ಫೋನುಗಳಿಗೆ ಅವರದೇ ಭಾಷೆಯಲ್ಲಿ ಉತ್ತರ ಕೊಡುವುದು ಅವಳ ನೌಕರಿ. ಅದು ಸಾಲದೆಂಬಂತೆ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕಾತ್ರಜದ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿ ಡಚ್ ಪಾಠ. ವಾರದ ಕೊನೆಗೆ ದನಿ ಪೂರ್ತಿ ಕೂತುಹೋಗುತ್ತಿತ್ತು. "ಊರಿಗೆಲ್ಲ ಮಾತು ಹಂಚಿ ನನಗೆ ಕೆಮ್ಮು ಉಳಿಸ್ಕೊಂಡು ಬರ್ತೀಯ" ಎಂದು ಗಂಡ ಅಭಿಲಾಷ ತಮಾಷೆ ಮಾಡುತ್ತಿದ್ದ. ತಮಾಷೆಯಾದರೂ ಮಾತು ನಿಜವೇ ಆಗಿತ್ತು.

ಅವಳ ಪಾಠಕ್ಕೆ ಒಂದು ಹೆಸರಿತ್ತು: ಚಪ್ಪಾಳೆ ಪಾಠ. ನಮ್ಮ ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಮರ್ಯಾದೆ. ಡಚ್ಚಿನಲ್ಲಿ ಹಾಗಲ್ಲ. ಎಷ್ಟೇ ಉದ್ದದ ಪದವಿರಲಿ, ಅದರಲ್ಲಿ ಒಂದು ತುಂಡು ಯಜಮಾನ; ಸಾಮಾನ್ಯವಾಗಿ ಮೊದಲ ಭಾಗದಲ್ಲೇ ಇರುತ್ತದೆ. ಅದನ್ನು ಗುದ್ದಿ ಹೇಳಬೇಕು, ಉಳಿದದ್ದನ್ನು ಹಗುರವಾಗಿ ಉರುಳಿಸಿಕೊಂಡು ಹೋಗಬೇಕು. ಎಲ್ಲ ತುಂಡಿಗೂ ಸಮನಾಗಿ ಒತ್ತು ಕೊಟ್ಟರೆ ಡಚ್ಚರಿಗೆ ಅದು ಪದವೆಂದೇ ತಿಳಿಯುವುದಿಲ್ಲ. ಅದಕ್ಕೇ ಶಾಲಿನಿ ಪ್ರತಿ ಪದವನ್ನೂ ಒಡೆಯುತ್ತಿದ್ದಳು, ಒಂದೊಂದು ತುಂಡಿಗೆ ಒಂದೊಂದು ಚಪ್ಪಾಳೆ, ಯಜಮಾನನಿಗೆ ಮಾತ್ರ ಜೋರು ಚಪ್ಪಾಳೆ. ಹೌಸ್, ಆರ್ಟ್, ಸನ್, ಪ್ರಾಕ್, ತೈಕ್. ಡಾಕ್ಟರ ದವಾಖಾನೆ. ಮೊದಲ 'ಹೌಸ್'ಗೆ ಅಂಗೈ ಉರಿಯುವ ಹಾಗೆ ಹೊಡೆಯಬೇಕು.

ಮೂರು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಇಂಥ ಮುನ್ನೂರ ಹನ್ನೆರಡು ಪದಗಳನ್ನು ಅವಳು ರೆಕಾರ್ಡ್ ಮಾಡಿದ್ದಳು. ಹೈವೇ ಲಾರಿಗಳ ಹಾರ್ನು ಕೇಳಿಸಬಾರದೆಂದು ಬಟ್ಟೆಯ ಕಪಾಟಿನೊಳಗೆ ತಲೆ ತೂರಿಸಿಕೊಂಡು, ಬೆವರು ಸುರಿಸುತ್ತ, ರಜೆಯ ದಿನಗಳಲ್ಲಿ ಮಾಡಿದ ಕೆಲಸ. ಅದನ್ನೇ ಎಲ್ಲ ವಿದ್ಯಾರ್ಥಿಗಳ ಫೋನಿಗೂ ಕಳಿಸುತ್ತಿದ್ದಳು.

ಶಿವಾನಿಯ ಫೋನಿಗೂ ಕಳಿಸಿದ್ದಳು.

ಶಿವಾನಿ ಇಂಡಿ ತಾಲೂಕಿನ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವಳು. ಮಾರ್ಕೆಟ್ ಯಾರ್ಡಿನಲ್ಲಿ ಬೆಳ್ಳುಳ್ಳಿಯ ಅಡತಿ ಅಂಗಡಿ ನಡೆಸುವ ಈರಬಸಪ್ಪನವರ ಸೊಸೆಯಾಗಿ ಪುಣೆಗೆ ಬಂದಿದ್ದಳು. ಗಂಡ ಮಾಂತು ಬಾರಾಮತಿಯ ಡೈರಿಯಲ್ಲಿ ಮೆಕ್ಯಾನಿಕ್ಕನಾಗಿದ್ದು, ಚೀಸು ಮಾಡುವ ಯಂತ್ರಗಳ ಬೆನ್ನು ಹತ್ತಿ ಹಾಲೆಂಡಿಗೆ ಹೋಗಿ, ಅಲ್ಲಿಯೇ ಕಾಯಂ ಆಗಿದ್ದ. ಹಾಗೆ ಕಾಯಂ ಆದವರ ಹೆಂಡತಿ ಬರಬೇಕಾದರೆ ಮೊದಲು ಇಲ್ಲೇ ಭಾಷೆಯ ಪರೀಕ್ಷೆ ಪಾಸಾಗಬೇಕು. ಮುಂಬಯಿಗೆ ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಂಪ್ಯೂಟರು ಕೇಳಿದ್ದಕ್ಕೆ ಡಚ್ಚಿನಲ್ಲಿ ಉತ್ತರ ಹೇಳಬೇಕು. ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಡಚ್ ಕಲಿಸುವವರು ಪುಣೆಯಲ್ಲಿ ಇನ್ನೂ ಕೆಲವರಿದ್ದರು. ಕನ್ನಡದಲ್ಲಿ ಕಲಿಸುವವಳು ಶಾಲಿನಿ ಒಬ್ಬಳೇ ಎಂದು ಯಾರೋ ಹೇಳಿದ್ದರಿಂದ ಶಿವಾನಿ ಎರಡು ಬಸ್ಸು ಬದಲಿಸಿ ಆರು ಗಂಟೆಗೆ ಬಂದು ಬಾಗಿಲು ತಟ್ಟುತ್ತಿದ್ದಳು. "ಅಕ್ಕೋರ" ಎಂದು ಕರೆಯುತ್ತಿದ್ದಳು, ಅವಳ ಊರಿನಲ್ಲಿ ಟೀಚರನ್ನು ಕರೆಯುವ ಹಾಗೆ.

ಅಂಥ ವಿಧೇಯ ವಿದ್ಯಾರ್ಥಿ ಶಾಲಿನಿಗೆ ಹಿಂದೆ ಸಿಕ್ಕಿರಲಿಲ್ಲ. ಉಳಿದವರು ಡಚ್ ಸಿನಿಮಾ ನೋಡುತ್ತಿದ್ದರು, ಹಾಡು ಕೇಳುತ್ತಿದ್ದರು, ಇಂಟರ್‌ನೆಟ್ಟಿನಲ್ಲಿ ಯಾರ್‍ಯಾರದೋ ಪಾಠ ಕದ್ದು ನೋಡುತ್ತಿದ್ದರು. ಶಿವಾನಿ ಹಾಕಿದ ಗೆರೆ ದಾಟುವವಳಲ್ಲ. ಅಕ್ಕೋರು ಕೊಟ್ಟ ಮುನ್ನೂರ ಹನ್ನೆರಡು ಪದ, ಅಕ್ಕೋರ ದನಿ, ಅಷ್ಟೇ. ರೊಟ್ಟಿ ಬಡಿಯುವಾಗ, ಬೆಳ್ಳುಳ್ಳಿ ಆರಿಸುವಾಗ, ಬಟ್ಟೆ ಒಣಹಾಕುವಾಗ ಕಿವಿಯಲ್ಲಿ ಅದೇ.

ಆದರೂ ಎರಡು ಸಲ ಫೇಲಾಗಿದ್ದಳು. ಓದುವ ಪರೀಕ್ಷೆ ಮೊದಲ ಸಲವೇ ಪಾಸು. ಮಾತಿನ ಪರೀಕ್ಷೆ ಎರಡೂ ಸಲ ಹೋಯಿತು. "ಟೈಮ್ ಸಾಲೂದಿಲ್ರಿ ಅಕ್ಕೋರ" ಎಂದಿದ್ದಳು. ಎಲ್ಲ ಫೇಲಾದವರೂ ಹೇಳುವ ಮಾತು ಅದೇ ಎಂದು ಶಾಲಿನಿ ಕಿವಿಗೆ ಹಾಕಿಕೊಳ್ಳಲಿಲ್ಲ. "ಇನ್ನೂ ಪ್ರಾಕ್ಟೀಸ್ ಬೇಕು ಕಣಮ್ಮ" ಎಂದಳು. ಎರಡನೆಯ ಸಲ ಫೇಲಾದ ಮರುದಿನ ಶಿವಾನಿಯ ಅತ್ತೆ ಶಿವಗಂಗವ್ವ ಫೋನು ಮಾಡಿ, "ಹಿಂಗ್ಯಾಕ ಆಗ್ಲಿಕ್ಕತ್ತದ್ರಿ ಅಕ್ಕೋರ, ಖರೇ ಹೇಳ್ರಿ" ಎಂದಾಗ ಶಾಲಿನಿಗೆ ಆಫೀಸಿಗೆ ಲಾಗಿನ್ ಆಗಲು ಎರಡು ನಿಮಿಷ ಉಳಿದಿತ್ತು, ತಲೆ ಸಿಡಿಯುತ್ತಿತ್ತು. "ಸ್ವಲ್ಪ ನಿಧಾನ ಅಮ್ಮ ಅವಳು. ತಲೆಗೆ ಹತ್ತೋದು ಲೇಟು" ಎಂದುಬಿಟ್ಟಳು. ಫೋನಿಟ್ಟ ಮೇಲೆ ಅವಳು ಆ ಮಾತನ್ನು ಮರೆತಳು. ಮಾರ್ಕೆಟ್ ಯಾರ್ಡಿನ ಆ ಮನೆಯಲ್ಲಿ ಯಾರೂ ಮರೆಯಲಿಲ್ಲ.

ಮೂರನೆಯ ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಶಾಲಿನಿಯ ದನಿ ಪೂರ್ತಿ ಹೋಯಿತು. ಡಾಕ್ಟರು ಎರಡು ದಿನ ಬಾಯಿ ಮುಚ್ಚಿಕೊಂಡಿರಿ ಎಂದಿದ್ದರು. ಬೆಳಿಗ್ಗೆ ಆರಕ್ಕೆ ಶಿವಾನಿ ಬಂದಾಗ ವಾಪಸು ಕಳಿಸಲು ಮನಸ್ಸು ಬರದೆ, ಬಿಸಿನೀರಿನ ಲೋಟ ಹಿಡಿದು ಕೂತು, ಫೋನಿನಲ್ಲಿ ಗಡಿಯಾರ ಹಚ್ಚಿ, ಹಾಳೆಯ ಮೇಲೆ ಬರೆದು ತೋರಿಸಿದಳು: ಇವತ್ತು ನೀನೇ ಎಲ್ಲ ಮಾಡು, ಪರೀಕ್ಷೆಯಲ್ಲಿ ಮಾಡುವ ಹಾಗೆ. ಹನ್ನೊಂದು ವರ್ಷದಲ್ಲಿ ಅವಳು ಯಾವ ವಿದ್ಯಾರ್ಥಿಯನ್ನೂ ಹೀಗೆ ಬಾಯಿ ಮುಚ್ಚಿಕೊಂಡು ಕೇಳಿರಲಿಲ್ಲ. ಯಾವಾಗಲೂ ಅವರ ಜೊತೆ ತಾನೂ ಹೇಳುತ್ತ, ತಾನೂ ಚಪ್ಪಾಳೆ ಹೊಡೆಯುತ್ತ, ತೊಡರಿದರೆ ಮುಂದಿನ ತುಂಡನ್ನು ಬಾಯಿಗೇ ಹಾಕಿಕೊಡುತ್ತ ಇರುತ್ತಿದ್ದಳು.

ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಹೋಗುತ್ತೀರಿ, ಯಾಕೆ ಎಂಬುದು ಪ್ರಶ್ನೆ. ಶಿವಾನಿ ಬೆನ್ನು ನೆಟ್ಟಗೆ ಮಾಡಿದಳು. ಕೈ ಮೇಜಿನ ಕೆಳಗೆ ಹೋಯಿತು. ಮೊದಲು ತೊಡೆಯ ಮೇಲೆ ಬೆರಳಿನಿಂದ ತುಂಡುಗಳನ್ನು ಸದ್ದಿಲ್ಲದೆ ತಟ್ಟಿಕೊಂಡಳು, ಆಮೇಲೆ ಬಾಯಿ ತೆರೆದಳು. "ಇಕ್... ಖಾ... ನಾರ್... ದ..." 'ನಾನು ಹೋಗುವುದು' ಎಂಬಲ್ಲಿಗೆ ಮತ್ತೆ ಸುಮ್ಮನಾಗಿ ತೊಡೆಯ ಮೇಲೆ ಐದು ಏಟು. ಆಮೇಲೆ, "ಹೌಸ್... ಆರ್ಟ್... ಸನ್... ಪ್ರಾಕ್..." ಅಷ್ಟರಲ್ಲಿ ಗಡಿಯಾರ ಹೊಡೆದುಕೊಂಡಿತು. ಯಾಕೆ ಎಂಬುದರ ತನಕ ಅವಳು ಬಂದಿರಲೇ ಇಲ್ಲ.

ಶಾಲಿನಿ ಲೋಟ ಕೆಳಗಿಟ್ಟಳು. ತುಂಡುಗಳಲ್ಲಿ ಒಂದೂ ತಪ್ಪಿಲ್ಲ. ಒತ್ತು ಬೀಳಬೇಕಾದಲ್ಲೇ ಬಿದ್ದಿದೆ, 'ಹೌಸ್' ಎನ್ನುವಾಗ ಕೊರಳ ನರ ಉಬ್ಬುವಷ್ಟು. ಆದರೆ ಭೂಮಿಯ ಮೇಲೆ ಯಾವ ಮನುಷ್ಯನೂ ಹೀಗೆ ಮಾತಾಡುವುದಿಲ್ಲ. ದನಿ ಇಲ್ಲವೆಂಬುದನ್ನು ಮರೆತು, ಗೊಗ್ಗರು ಗಂಟಲಿನಲ್ಲೇ ಕೇಳಿದಳು: "ಯಾಕೆ ಹೀಗೆ ಬಿಡಿಬಿಡಿಯಾಗಿ ಹೇಳ್ತೀಯ?"

"ಮತ್ತ ಹ್ಯಾಂಗ್ ಹೇಳಬೇಕ್ರಿ? ನಿಮ್ಮ ರೆಕಾರ್ಡಿನ್ಯಾಗ ಹಿಂಗ ಅದಲ್ರಿ" ಎಂದಳು ಶಿವಾನಿ, ಆಶ್ಚರ್ಯದಿಂದ.

ಅವಳು ಹೋದ ಮೇಲೆ ಶಾಲಿನಿ ತನ್ನದೇ ರೆಕಾರ್ಡಿಂಗನ್ನು ಹಚ್ಚಿ ಕೂತಳು. ಮಾಡಿದ ಮೇಲೆ ಒಮ್ಮೆಯೂ ಕೇಳಿರಲಿಲ್ಲ. ಮೊದಲ ಪದ: ಚಪ್ಪಾಳೆ, ತುಂಡುಗಳು, ಕೊನೆಗೆ ಇಡೀ ಪದ ಒಂದೇ ಉಸಿರಿನಲ್ಲಿ, ಡಚ್ಚರು ಹೇಳುವ ಹಾಗೆ. ಎರಡನೆಯದು, ಮೂರನೆಯದು ಹಾಗೆಯೇ. ನಲವತ್ತನೆಯದರ ತನಕ ಹಾಗೆಯೇ. ನಲವತ್ತೊಂದರಲ್ಲಿ ಚಪ್ಪಾಳೆ ಇತ್ತು, ತುಂಡುಗಳಿದ್ದವು, ಇಡೀ ಪದ ಇರಲಿಲ್ಲ. ನಲವತ್ತೆರಡರಲ್ಲೂ ಇರಲಿಲ್ಲ. ಮುಂದೆ ಎಲ್ಲೂ ಇರಲಿಲ್ಲ. ಅವಳಿಗೆ ಆ ದಿನ ನೆನಪಾಯಿತು. ಕಪಾಟಿನೊಳಗೆ ಉಸಿರು ಕಟ್ಟಿ, ಬೆವರು ಕಣ್ಣಿಗಿಳಿದು, ಸಾಕಪ್ಪಾ ಸಾಕು ಅನ್ನಿಸಿತ್ತು. ಒಡೆದು ಕೊಟ್ಟರಾಯಿತು, ಜೋಡಿಸಿಕೊಳ್ಳುವುದನ್ನು ಅವರವರೇ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದಳು. ಬೇರೆ ಕಡೆಯೂ ಡಚ್ ಕೇಳಿದವರು ಮಾಡಿಕೊಂಡಿದ್ದರು. ತನ್ನೊಬ್ಬಳನ್ನೇ ನಂಬಿದ ಶಿವಾನಿ ಮಾಡಿಕೊಂಡಿರಲಿಲ್ಲ. ನಲವತ್ತು ಪದ ಇಡಿಯಾಗಿ ಕೇಳಿ, ಇನ್ನೂರ ಎಪ್ಪತ್ತೆರಡು ಪದ ಬಿಡಿಬಿಡಿಯಾಗಿ ಕೇಳಿದ ಹುಡುಗಿ, ಬಿಡಿಯಾಗಿ ಹೇಳುವುದೇ ಸರಿ ಎಂದು ತಿಳಿದದ್ದು ಅವಳ ತಪ್ಪೇನೂ ಅಲ್ಲ.

ಇದನ್ನು ಮರುದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಒಂಬತ್ತು ದಿನ ಇದೆಯಲ್ಲ, ಗಲಾಟೆ ಮಾಡದೆ ಮೆತ್ತಗೆ ಸರಿಮಾಡಿಬಿಡೋಣ ಎಂದುಕೊಂಡಳು. ಎಷ್ಟಾದರೂ ಮೇಷ್ಟರ ಜಾತಿ. ತಪ್ಪು ತಿದ್ದುವುದು ಗೊತ್ತು, ಒಪ್ಪುವುದು ಗೊತ್ತಿಲ್ಲ. "ಸ್ವಲ್ಪ ಸ್ಪೀಡಾಗಿ ಹೇಳು" ಎಂದಳು. "ಕೈ ತಟ್ಟಬೇಡ ಇನ್ನು" ಎಂದಳು. ಯಾಕೆಂದು ಕೇಳಿದರೆ, ಪರೀಕ್ಷೆ ಹತ್ತಿರ ಬಂದಾಗ ಹಾಗೇ ಮಾಡುವುದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಳು. ಶಿವಾನಿ ಕೈ ಕಟ್ಟಿ ಕೂತರೆ ಗದ್ದ ತಟ್ಟುತ್ತಿತ್ತು. ಗದ್ದ ಹಿಡಿದರೆ ಕಾಲ್ಬೆರಳು ತಟ್ಟುತ್ತಿತ್ತು. ತಟ್ಟುವುದು ನಿಂತಲ್ಲಿ ಪದವೂ ನಿಂತುಬಿಡುತ್ತಿತ್ತು. ಎರಡು ವರ್ಷ ಕಷ್ಟಪಟ್ಟು ಸರಿಯಾಗಿ ಕಲಿತದ್ದನ್ನು ಯಾಕೆ ಬಿಡಬೇಕೆಂದು ತಿಳಿಯದೆ ಅವಳು ಇದ್ದದ್ದನ್ನೂ ಕಳೆದುಕೊಳ್ಳತೊಡಗಿದಳು.

ಮೂರನೆಯ ದಿನ ಶಿವಾನಿ ಪುಸ್ತಕ ಮುಚ್ಚಿಟ್ಟಳು.

"ಬ್ಯಾಡ್ರಿ ಅಕ್ಕೋರ. ನಾ ಪರೀಕ್ಷಾಕ್ಕ ಹೋಗೂದಿಲ್ಲ. ನಮ್ಮಣ್ಣಗ ಫೋನ್ ಮಾಡೀನಿ, ರವಿವಾರ ಬಂದು ಕರ್ಕೊಂಡು ಹೋಗ್ತಾನ."

"ಎಲ್ಲಿಗೆ?"

"ಇಂಡಿಗಿ. ಇವರಿಗೂ ಹೇಳೀನ್ರಿ, ನನ್ನ ದಾರಿ ನೋಡಬ್ಯಾಡ್ರಿ ಅಂತ. ನನ್ನ ತಲಿಯಾಗ ಇದು ಹತ್ತೂದಿಲ್ಲ. ಅತ್ತಿ ಹೇಳೂದ ಖರೇ ಅದ. ನೀವೂ ಹೇಳಿದ್ರಂತಲ್ರಿ, ಆಕಿ ಭಾಳ ನಿಧಾನ ಅಂತ." ಅಳುತ್ತಿರಲಿಲ್ಲ. ಬಸ್ಸು ತಪ್ಪಿದ ವಿಷಯ ಹೇಳುವ ಹಾಗೆ ಹೇಳಿದಳು. "ದಿನಾ ಮುಂಜಾನಿ ಇಲ್ಲಿಗಿ ಬರೂ ಮುಂದ ಅತ್ತಿ ಕೇಳ್ತಾರ್ರಿ, 'ದಡ್ಡಿ, ಮತ್ತ ಹೊಂಟಿ?' ಅಂತ. ಓಣ್ಯಾಗ ಎಲ್ಲಾರೂ ಹಂಗ ಕರೀತಾರ."

ಫೋನಿನಲ್ಲಿ ಆಡಿದ ಆ ಮಾತು ಶಾಲಿನಿಗೆ ಈಗ ನೆನಪಿಗೆ ಬಂತು, ಪೂರ್ತಿ. ದಣಿವು ಅವಳಿಗೆ ಹೊಸದಲ್ಲ. ದಣಿದಿದ್ದೇನೆ ಎನ್ನುವುದನ್ನೇ ಎಲ್ಲಕ್ಕೂ ಕಾರಣ ಮಾಡಿಕೊಂಡು ಎಷ್ಟೋ ವರ್ಷ ನಡೆಸಿದ್ದಳು. ರೆಕಾರ್ಡಿಂಗ್ ಅರ್ಧಕ್ಕೆ ಬಿಟ್ಟದ್ದೂ ದಣಿವಿನಿಂದ, ಹುಡುಗಿಯ ಮಾತು ಕೇಳದೆ ಹೋದದ್ದೂ ದಣಿವಿನಿಂದ, ದಡ್ಡಿ ಎಂದು ಸರ್ಟಿಫಿಕೇಟು ಕೊಟ್ಟದ್ದೂ ದಣಿವಿನಿಂದ. ಅವಳ ದಣಿವಿನ ದಂಡವನ್ನು ಈ ಹುಡುಗಿ ತೆತ್ತಿದ್ದಳು.

ಹೇಳಿದಳು. ರೆಕಾರ್ಡಿಂಗ್ ಹಚ್ಚಿ ನಲವತ್ತನೆಯ ಪದ ಕೇಳಿಸಿದಳು, ನಲವತ್ತೊಂದನೆಯದು ಕೇಳಿಸಿದಳು. "ಇಲ್ಲಿಂದ ಮುಂದೆ ನಾನು ಜೋಡಿಸಲಿಲ್ಲ. ನೀನು ನಾನು ಹೇಳಿದ ಹಾಗೇ ಕಲಿತೆ. ನಿನ್ನ ತಲೆಗೆ ಏನೂ ಆಗಿಲ್ಲ ಶಿವಾನಿ. ಎರಡು ಸಲ ಫೇಲಾಗಿದ್ದು ನಾನು."

ಶಿವಾನಿ ಫೋನನ್ನು ಕೈಗೆ ತೆಗೆದುಕೊಂಡು ಆ ಎರಡು ಪದಗಳನ್ನು ಮತ್ತೆ ಮತ್ತೆ ಹಚ್ಚಿ ಕೇಳಿದಳು. ಬೈದಿದ್ದರೆ ಶಾಲಿನಿಗೆ ಹಗುರಾಗುತ್ತಿತ್ತು.

"ಇದನ್ನ ನಮ್ಮ ಮನಿಗಿ ಬಂದು ಅತ್ತಿ ಮುಂದ ಹೇಳ್ತೀರೇನ್ರಿ?" ಎಂದಳು ಕೊನೆಗೆ.

"ಪರೀಕ್ಷೆಗೆ ಆರೇ ದಿನ ಇದೆ. ಮೊದಲು ಅದನ್ನ..."

"ಪರೀಕ್ಷಾ ಆಮ್ಯಾಲಿಂದ್ರಿ. ಇದು ಮದಲ."

ಶಾಲಿನಿ ಆ ದಿನ ಆಫೀಸಿಗೆ ರಜೆ ಹಾಕಿದಳು.

ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಮನೆ. ಓಣಿಯ ಬಾಯಿಯಿಂದಲೇ ಬೆಳ್ಳುಳ್ಳಿಯ ವಾಸನೆ. ಪಡಸಾಲೆಯಲ್ಲಿ ತಾಡಪಾಲಿನ ಮೇಲೆ ಗಡ್ಡೆಗಳನ್ನು ಹರವಿಕೊಂಡು ಶಿವಗಂಗವ್ವ ಆರಿಸುತ್ತ ಕೂತಿದ್ದರು, ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಈರಬಸಪ್ಪನವರು ಊಟಕ್ಕೆಂದು ಅಂಗಡಿಯಿಂದ ಬಂದವರು ಟೋಪಿ ತೆಗೆದು ಮೊಳೆಗೆ ಹಾಕುತ್ತಿದ್ದರು. "ಬರ್ರಿ ಅಕ್ಕೋರ, ಕೂಡ್ರಿ" ಎಂದರು ಇಬ್ಬರೂ. ನೀರು ಬಂತು, ಬೆಲ್ಲ ಬಂತು. ಶಿವಾನಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಶಾಲಿನಿ ಬೆಲ್ಲ ಬಾಯಿಗೆ ಹಾಕಿಕೊಳ್ಳದೆಯೇ ಹೇಳಿದಳು. ಮಾತಿಗೆ ಅಲಂಕಾರ ಮಾಡಲು ಗಂಟಲಿನಲ್ಲಿ ದನಿಯೂ ಇರಲಿಲ್ಲ. ಪಾಠದಲ್ಲಿ ನಾನು ತಪ್ಪು ಮಾಡಿದೆ, ಅದರಿಂದ ಇವಳು ಫೇಲಾದಳು, ಇವಳು ದಡ್ಡಿಯಲ್ಲ, ಇವಳಷ್ಟು ನಿಷ್ಠೆಯಿಂದ ಕಲಿತವರು ನನ್ನ ಹತ್ತಿರ ಯಾರೂ ಇಲ್ಲ.

"ಆತು ಬಿಡ್ರಿ, ಆಗೂದು ಆಗಿ ಹೋತು" ಎಂದರು ಈರಬಸಪ್ಪ. ಜಗಳವನ್ನು ಸಂತೆಯಲ್ಲೇ ಮುಗಿಸಿ ಮನೆಗೆ ಬರುವ ಸ್ವಭಾವದವರು.

ಶಿವಗಂಗವ್ವನವರ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತ್ತು. "ಅಂದ್ರ ನೀವು ಫೋನ್ನ್ಯಾಗ ಹೇಳಿದ್ದು?"

"ಸುಳ್ಳು ಅಮ್ಮ. ಯೋಚನೆ ಮಾಡದೆ ಅಂದಿದ್ದು."

"ನಾ ಅದನ್ನ ಇಡೀ ಓಣಿಗಿ ಹೇಳೀನಿ" ಎಂದರು ಶಿವಗಂಗವ್ವ. ದನಿ ಏರಲಿಲ್ಲ. "ಈಕಿ ಅಪ್ಪಗ ಫೋನ್ ಮಾಡಿ, ಎಂಥಾ ದಡ್ಡ ಮಗಳನ್ನ ನಮ್ಮ ಕೊರಳಿಗಿ ಕಟ್ಟಿದ್ರಿ ಅಂತ ಕೇಳೀನಿ. ಅಂವ ಪಾಪ ತಪ್ಪಾತು ಅಂದ. ಮಾಂತೂಗ ಹೇಳೀನಿ. ದಿನಾ ಈಕಿ ಮುಖದ ಮ್ಯಾಲ ಅಂದೀನಿ. ಟೀಚರ್ರ ಹೇಳ್ಯಾರ ಅಂದ ಮ್ಯಾಲ ಸುಳ್ಳ ಹ್ಯಾಂಗ ಇದ್ದೀತು ಅಂತ. ಈಗ ನೀವು ಬಂದು ಅಲ್ಲ ಅಂದ್ರಿ. ನಿಮ್ಮದು ಮುಗೀತು. ನಾ ಆಡಿದ್ದನ್ನ ಯಾವ್ಯಾವ ಮನಿಗಿ ಹೋಗಿ ವಾಪಸ್ ತರ್ಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾವೆಲ್ಲ ಶಾಲೆಯಲ್ಲಿ ಬರೆದವರೇ. ಅದು ಹೋಗುವ ಹೊತ್ತಿನಲ್ಲಿ ಎದುರಿಗೆ ಕೂತಿರುವುದು ಎಂಥ ಶಿಕ್ಷೆ ಎಂದು ಶಾಲಿನಿಗೆ ಆವತ್ತು ತಿಳಿಯಿತು. ತನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಕೈ ಹಾಕಿದಳು. "ಶಿವಾನಿ, ಇಲ್ಲೇ ಪಾಠ ಮಾಡೋಣ ಬಾ. ಈಗಲೇ."

ಕೈ ತಟ್ಟಬಾರದೆಂದು ಶಿವಾನಿಯ ಎರಡೂ ಕೈಯನ್ನು ಜೋಳದ ಹಿಟ್ಟಿನಲ್ಲಿ ಇಡಿಸಿದಳು. ನಾದುತ್ತ ನಾದುತ್ತ ಹೇಳು ಎಂದಳು. ಹಿಟ್ಟು ಹದವಾಯಿತು, ಪದ ಆಗಲಿಲ್ಲ. ಹೌಸ್, ಆರ್ಟ್, ಸನ್. ಪ್ರತಿ ತುಂಡಿಗೂ ಒಂದು ಗುದ್ದು. ಹತ್ತು ಸಲ, ಇಪ್ಪತ್ತು ಸಲ. ಬೆವರಿಳಿಯುತ್ತಿತ್ತು ಹುಡುಗಿಗೆ.

"ನೋಡು, ಹೀಗೆ" ಎಂದಳು ಶಾಲಿನಿ, ಬೇರೆ ದಾರಿ ಕಾಣದೆ. "ನಿಮ್ಮತ್ತೆ ಹೆಸರೂ ಇಂಥದ್ದೇ. ಶಿವ, ಗಂಗೆ, ಅವ್ವ, ಮೂರು ಸೇರಿ ಒಂದು. ಯಾರಾದ್ರೂ ಅದನ್ನ ತುಂಡು ಮಾಡಿ ಕರೀತಾರಾ? ಒಂದೇ ಉಸಿರಲ್ಲಿ ಕರೀತಾರೆ. ಹಾಗೆ. ಒಂದ್ಸಲ ಆ ಹೆಸರು ಕರಿ, ಅದೇ ಉಸಿರಲ್ಲಿ ಈ ಪದ ಹೇಳು."

ಶಿವಾನಿ ತಲೆ ತಗ್ಗಿಸಿದಳು. ಈರಬಸಪ್ಪ ಕೆಮ್ಮಿದರು. ಏನಾಯಿತೆಂದು ತಿಳಿಯಲು ಶಾಲಿನಿಗೆ ಒಂದು ಗಳಿಗೆ ಬೇಕಾಯಿತು. ಅವರಲ್ಲಿ ಸೊಸೆ ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಬೇರೆಯವರು ಕೇಳಿದರೂ 'ಅತ್ತಿ' ಎಂದೇ ಹೇಳಬೇಕು. ರೇಶನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿಯಬೇಕು. ತಾನು ಮತ್ತೊಂದು ತಪ್ಪು ಮಾಡಿದೆನೆಂದು ಶಾಲಿನಿ ಏನೋ ಹೇಳಲು ಹೊರಟಳು.

"ಕರಿ" ಎಂದರು ಶಿವಗಂಗವ್ವ.

ಶಿವಾನಿ ಮುಖ ಎತ್ತಿ ನೋಡಿದಳು.

"ಹೆಸರು ಹಿಡದು ಕರಿ. ನಾನ ಹೇಳ್ಲಿಕ್ಕತ್ತೀನಿ. ಯಾರ ಏನ್ ಅಂತಾರ ನೋಡ್ತೀನಿ."

ಒಂದು ಕ್ಷಣ ಹಿಟ್ಟಿನಲ್ಲಿ ಕೈ ಅಲುಗಲಿಲ್ಲ. ಆಮೇಲೆ ಶಿವಾನಿ ಕರೆದಳು. "ಶಿವಗಂಗವ್ವ." ಮೊದಲು ಮೆಲ್ಲಗೆ, ಎರಡನೆಯ ಸಲ ಓಣಿಗೆ ಕೇಳುವಷ್ಟು. ಮೊದಲ ಅಕ್ಷರದ ಮೇಲೆ ಎರಡು ವರ್ಷದ ಭಾರ ಬಿತ್ತು, ಉಳಿದದ್ದು ಅದರ ಹಿಂದೆ ತಾನಾಗಿ ಉರುಳಿತು. ಅದೇ ಉಸಿರಿನಲ್ಲಿ "ಹೌಸಾರ್ಟ್ಸನ್‌ಪ್ರಾಕ್ತೈಕ್" ಎಂದಳು. ಇಡಿಯಾಗಿ ಬಂತು. ಶಾಲಿನಿಯ ಆಫೀಸಿಗೆ ಫೋನು ಮಾಡುವ ಯಾವ ಹೆಂಗಸಿನ ಬಾಯಿಂದ ಬಂದಿದ್ದರೂ ಸಲ್ಲುವಂಥದ್ದು.

ಎರಡು ಸಲ ಕರೆದಿದ್ದರೆ ಪಾಠಕ್ಕೆ ಸಾಕಿತ್ತು. ಶಿವಾನಿ ಹನ್ನೊಂದು ಸಲ ಕರೆದಳು. ಹನ್ನೊಂದು ಸಲವೂ ಶಿವಗಂಗವ್ವ ತಲೆ ತಗ್ಗಿಸಿಕೊಂಡು ಕೇಳಿದರು, ಬೆಳ್ಳುಳ್ಳಿ ಮುಟ್ಟಲಿಲ್ಲ. ಈರಬಸಪ್ಪನವರು ಊಟ ಮಾಡದೆಯೇ ಟೋಪಿ ಹಾಕಿಕೊಂಡು ಅಂಗಡಿಗೆ ಹೋದರು.

ಮುಂದಿನ ಐದು ದಿನ ಶಾಲಿನಿ ಬೆಳಿಗ್ಗೆ ಅಲ್ಲಿಗೇ ಹೋದಳು. ಉಳಿದ ಬ್ಯಾಚುಗಳಿಗೆ ರಜೆ ಕೊಟ್ಟಳು. ಶಿವಾನಿ ಚೆನ್ನಾಗಿ ಕಲಿತಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಹೋಗುವಾಗ ಚಹಾ ಕೊಟ್ಟಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. 'ಅಕ್ಕೋರ' ಎನ್ನುವುದನ್ನು ಬಿಟ್ಟಿದ್ದಳು. ಶಾಲಿನಿ ಅದನ್ನು ಎರಡನೆಯ ದಿನವೇ ಗಮನಿಸಿದಳು. ಕೇಳುವ ಮುಖ ಇರಲಿಲ್ಲ.

ಅಣ್ಣನಿಗೆ ಬರಬೇಡವೆಂದು ಹೇಳಿ ಶಿವಾನಿ ಮುಂಬಯಿಗೆ ಹೋಗಿ ಪರೀಕ್ಷೆ ಕೊಟ್ಟು ಬಂದಳು. ಫಲಿತಾಂಶಕ್ಕೆ ಕೆಲವು ವಾರ ಬೇಕು. ಶಾಲಿನಿ ಅವಳಿಗೆ ಮೊದಲು ದಿನಕ್ಕೊಂದು, ಆಮೇಲೆ ವಾರಕ್ಕೊಂದು ಮೆಸೇಜು ಕಳಿಸಿದಳು. ನೋಡಿದ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಫೇಲಾಗಿರಬೇಕು, ಅದಕ್ಕೇ ಸುಮ್ಮನಿದ್ದಾಳೆ ಎಂದುಕೊಂಡಳು. ಆ ಯೋಚನೆ ಬಂದ ದಿನಗಳಲ್ಲಿ ಪಾಠ ಮಾಡಲು ಬಾಯಿ ಬರುತ್ತಿರಲಿಲ್ಲ. ಆದರೂ ಭಾನುವಾರ ಭಾನುವಾರ ಕಪಾಟಿನೊಳಗೆ ತಲೆ ತೂರಿಸಿ, ಬಿಟ್ಟಿದ್ದ ಪದಗಳನ್ನು ಒಂದೊಂದಾಗಿ ಇಡಿಯಾಗಿ ಹೇಳಿ ರೆಕಾರ್ಡ್ ಮಾಡುತ್ತ ಹೋದಳು. ಅಭಿಲಾಷ ಒಮ್ಮೆ ಬಾಗಿಲು ತೆರೆದು ನೋಡಿ, ಏನೂ ಕೇಳದೆ ಒಂದು ಲೋಟ ನೀರು ಇಟ್ಟು ಹೋದ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಪಾಠ ಮುಗಿದು ಕೋಣೆ ಖಾಲಿಯಾಗಿದ್ದಾಗ ಫೋನು ಬಂತು. ಶಿವಗಂಗವ್ವ.

"ಆಕಿ ಹೋದಳ್ರೀ, ನಿನ್ನೆ" ಎಂದರು.

"ಇಂಡಿಗಾ?"

"ಅಲ್ರೀ. ಗಂಡನ ಹಂತ್ಯಾಕ. ವಿಮಾನಕ್ಕ."

ಶಾಲಿನಿ ಕುರ್ಚಿ ಹಿಡಿದು ಕೂತಳು. "ಪಾಸಾದ್ಲಾ?"

"ಯಾವಾಗೋ ಪಾಸಾಗ್ಯಾಳ. ನಿಮಗ ಹೇಳಲಿಲ್ಲೇನು?"

"ಇಲ್ಲಮ್ಮ."

"ನನಗೂ ಆಕಿ ಹೇಳ್ಲಿಲ್ರಿ, ಮಾಂತು ಹೇಳಿದ" ಎಂದರು ಶಿ‌ವಗಂಗವ್ವ. "ಆ ದಿನದಿಂದ ನಾ ಆಕೀಗಿ ಒಂದ್ ಮಾತು ಅಂದಿಲ್ರಿ. ಓಣ್ಯಾಗ ಮನಿ ಮನಿಗಿ ಹೋಗಿ, ನಂದ ತಪ್ಪಾತು, ಆಕಿ ಶ್ಯಾಣ್ಯಾ ಹುಡುಗಿ ಅಂತ ಹೇಳಿ ಬಂದೀನಿ. ಆಕಿ ಅಪ್ಪಗೂ ಹೇಳೀನಿ. ನಿನ್ನೆ ಹೊಂಡೂ ಮುಂದ ಕಾಲಿಗಿ ಬಿದ್ದಳು, ಎದ್ದು ಹೋದಳು. ಬರ್ತೀನಿ ಅನ್ನಲಿಲ್ಲ."

ಆ ಕಡೆ ಯಾರೋ ಚೀಲ ಇಳಿಸುವ ಸದ್ದು ಕೇಳುತ್ತಿತ್ತು.

"ಅಕ್ಕೋರ, ನೀವು ಕಲಿತವರು. ಒಂದು ಕೇಳ್ತೀನಿ, ಖರೇ ಹೇಳ್ರಿ. ಆಕಿ ನಮ್ಮಿಬ್ಬರಿಗೂ ಕ್ಷಮಾ ಮಾಡ್ಯಾಳೇನ್ರಿ?"

ಹಿಂದೊಮ್ಮೆ ಇದೇ ದನಿ ಖರೇ ಹೇಳ್ರಿ ಎಂದಾಗ ತಾನು ಏನು ಹೇಳಿದ್ದೆ ಎಂಬುದು ಶಾಲಿನಿಗೆ ಗೊತ್ತಿತ್ತು. ಈ ಸಲ ಅವಸರ ಮಾಡಲಿಲ್ಲ. ಹೌದು ಎನ್ನಲು ಬಹಳ ಆಸೆಯಾಯಿತು, ಆ ಮುದುಕಿಗಾಗಿ ಅಷ್ಟಲ್ಲ, ತನಗಾಗಿಯೇ.

"ಇಲ್ಲ ಅನ್ನಿಸುತ್ತೆ ಅಮ್ಮ" ಎಂದಳು.

"ಹೌದ್ರಿ" ಎಂದರು ಶಿವಗಂಗವ್ವ. "ನನಗೂ ಹಂಗ ಅನಸ್ತದ." ಫೋನನ್ನು ಇಡಲಿಲ್ಲ. ಶಾಲಿನಿಯೂ ಇಡಲಿಲ್ಲ. ಆಫೀಸಿಗೆ ಇನ್ನೂ ಮೂರು ಗಂಟೆ ಇತ್ತು.